ಮರಗೆಣಸಿಗೂ ನನಗೂ ಒಂದೇ ಅಂಕ ಕೊಟ್ಟ ಥರ್ಮಾಮೀಟರ್‌ಗೆ

ನಾಂದಿ, ಫಿಜಿ
ಗುರುವಾರ ಸಂಜೆ

ಹಣೆಗೆ ಗುರಿಯಿಡುವ ಬಿಳಿಯ ಥರ್ಮಾಮೀಟರ್ ಅವರ ಸನ್ನಿಧಿಗೆ,
ಸಿಸ್ಟರ್ ಶಲೇಶ್ನಿಯವರ ಬಲಗೈ, ಮೂರನೆಯ ಮಹಡಿ, ಕ್ವಾರಂಟೈನ್ ಹೋಟೆಲು.

ಮಾನ್ಯರೇ,

ತಮ್ಮ ಬ್ಯಾಟರಿ ಕ್ಷೇಮವಾಗಿರಲಿ, ತಮ್ಮ ಕೆಂಪು ಕಣ್ಣಿಗೆ ಯಾರ ದೃಷ್ಟಿಯೂ ತಾಗದಿರಲಿ ಎಂದು ಮೊದಲಿಗೆ ಹಾರೈಸುತ್ತೇನೆ. ನಮ್ಮಲ್ಲಿ ದೊಡ್ಡವರ ಎದುರು ಬಾಯಿ ತೆರೆಯುವ ಮೊದಲು ಕುಟ್ಟಿ ನೀರಿನಲ್ಲಿ ಕಲಸಿ ಕುಡಿಯುವ ಯಾಂಗೋನ ಬೇರಿನ ಒಂದು ಕಟ್ಟನ್ನು ಚಾಪೆಯ ಮೇಲಿಟ್ಟು ತಲೆ ತಗ್ಗಿಸಿ, ಅವರು ಸ್ವೀಕರಿಸಿದ ಮೇಲೆ ಚಪ್ಪಾಳೆ ತಟ್ಟುವುದು ಪದ್ಧತಿ. ಈ ಕೋಣೆಯಲ್ಲಿ ಬೇರು ಸಿಗುವುದಿಲ್ಲವಾದ್ದರಿಂದ, ಹೋಟೆಲಿನವರು ಕೊಟ್ಟ ಚಹಾ ಚೀಲಗಳಲ್ಲಿ ಎರಡನ್ನು ದಾರಕ್ಕೆ ದಾರ ಗಂಟು ಹಾಕಿ ತಮ್ಮ ಪಾದಗಳಿಗೆ, ಪಾದಗಳಿಲ್ಲದಿದ್ದರೆ ಹಿಡಿಕೆಗೆ, ಅರ್ಪಿಸುತ್ತಿದ್ದೇನೆ. ದಯವಿಟ್ಟು ಸ್ವೀಕರಿಸಿ ಮೂರು ಸಲ ಚಪ್ಪಾಳೆ ತಟ್ಟಿಸಿಕೊಂಡಂತೆ ಭಾವಿಸಬೇಕು. ಈ ಪತ್ರವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ತಮ್ಮಂಥವರಿಗೆ ಬರೆಯುವಾಗ ಕೂರುವುದು ಅವಿನಯ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಖಾಸಗಿಯಾದದ್ದು.

ತಾವು ಪ್ರತಿ ಬೆಳಿಗ್ಗೆ ಎಷ್ಟೋ ಹಣೆಗಳನ್ನು ನೋಡುವವರಾದ್ದರಿಂದ ನನ್ನದು ನೆನಪಿರಲಾರದು. ನಾನು ಅಪೋರೋಸ, ಮಹಡಿಯ ಕೊನೆಯ ಕೋಣೆಯವನು, ಕ್ವೀನ್ಸ್‌ಲೆಂಡಿನ ತೋಟವೊಂದರಲ್ಲಿ ದೊಣ್ಣೆಮೆಣಸಿನಕಾಯಿ ಕೀಳಲು ಹೋಗಿ, ಈ ಸಾಂಕ್ರಾಮಿಕದಿಂದ ಗಡಿಗಳೆಲ್ಲ ಮುಚ್ಚಿದ್ದರಿಂದ ಅಲ್ಲೇ ಸಿಕ್ಕಿಹಾಕಿಕೊಂಡು, ಕೊನೆಗೆ ಸರ್ಕಾರ ಕಳಿಸಿದ ವಿಮಾನದಲ್ಲಿ ವಾಪಸಾದವನು. ನಾನು ಅಲ್ಲಿ ಸಿಕ್ಕಿಕೊಂಡಿದ್ದಾಗ ಇಲ್ಲಿ ನನ್ನ ಸೋದರಮಾವ ತೊಮಾಸಿ ತೀರಿಕೊಂಡ. ನನಗೆ ಈಜು ಕಲಿಸಿದವನು, ಬಲೆ ಬೀಸುವುದನ್ನು ಕಲಿಸಿದವನು, ಶಾಲೆ ಬಿಟ್ಟು ಮನೆಗೆ ಬಂದ ದಿನ ಇಡೀ ಊರಿನಲ್ಲಿ ನನಗೆ ಊಟ ಬಡಿಸಿದ ಒಬ್ಬನೇ ಮನುಷ್ಯ. ಅವನು ಸತ್ತ ದಿನ ಊರಿನವರು ಅವನ ಹೆಸರಿನಲ್ಲಿ ಎದುರಿನ ಹವಳದ ದಿಬ್ಬದ ಮೀನುಗಾರಿಕೆ ಮುಚ್ಚಿದರು. ನೂರನೆಯ ರಾತ್ರಿಯವರೆಗೆ ಅಲ್ಲಿ ಯಾರೂ ಗಾಳವನ್ನೂ ಇಳಿಸುವಂತಿಲ್ಲ. ಆ ರಾತ್ರಿ ಊಟವಾಗಿ, ಮರುದಿನ ಬೆಳಿಗ್ಗೆ ನೀರು ತೆರೆಯುವಾಗ ಮೊದಲ ಬಲೆ ಬೀಸಬೇಕಾದವನು ಸತ್ತವನ ಅಕ್ಕನ ಮಗ. ಅದು ನಾನು. ನೂರನೆಯ ರಾತ್ರಿ ಬರುವ ಶನಿವಾರ. ನಾಳೆ ಶುಕ್ರವಾರ ಬೆಳಿಗ್ಗೆ ತಾವು ಮನಸ್ಸು ಮಾಡಿ ನನ್ನನ್ನು ಆರೋಗ್ಯವಂತನೆಂದು ಘೋಷಿಸಿದರೆ ಮಧ್ಯಾಹ್ನದ ದೋಣಿ ಹಿಡಿಯುತ್ತೇನೆ.

ತಾವು ಘೋಷಿಸುತ್ತೀರಿ. ಅದೇ ನನ್ನ ದೂರು.

ಮಾನ್ಯರೇ, ತಮ್ಮ ಸಮದೃಷ್ಟಿಯನ್ನು ಹೊಗಳಲು ನನ್ನ ಓದು ಸಾಲದು. ಬಂದ ದಿನ ತಾವು ನನ್ನ ಹಣೆಗೆ ಮೂವತ್ತಾರು ಪಾಯಿಂಟ್ ನಾಲ್ಕು ಎಂದಿರಿ. ಮರುದಿನವೂ ಅದನ್ನೇ ಎಂದಿರಿ. ಮಾಡಲು ಕೆಲಸವಿಲ್ಲದೆ ನಾನು ಮಂಚದಿಂದ ಬಾಗಿಲಿಗೆ, ಬಾಗಿಲಿನಿಂದ ಮಂಚಕ್ಕೆ ಓಡಿ, ಬೆವರು ಸುರಿಸುತ್ತ ಬಾಗಿಲು ತೆರೆದ ದಿನವೂ ಅಷ್ಟೇ ಎಂದಿರಿ. ಸಂಶಯ ಬಂದು, ಮರುದಿನ ಬೆಳಿಗ್ಗೆ ತಲೆಯನ್ನು ಪುಟ್ಟ ಫ್ರಿಜ್ಜಿನೊಳಗೆ ತೂರಿಸಿಕೊಂಡು, ಹಾಲಿನ ಪ್ಯಾಕೆಟ್ಟಿನ ಪಕ್ಕ ಹಣೆ ಇಟ್ಟು, ಸಿಸ್ಟರ್ ಬಾಗಿಲು ಬಡಿಯುವವರೆಗೆ ಕಾದೆ. ಹಲ್ಲು ಕಟಕಟ ಎನ್ನುತ್ತಿದ್ದ ನನ್ನನ್ನು ನೋಡಿಯೂ ತಮ್ಮ ನಿಲುವು ಬದಲಾಗಲಿಲ್ಲ. ಆಗ ಊಟದ ತಟ್ಟೆಯಲ್ಲಿ ಉಳಿಸಿಕೊಂಡಿದ್ದ ಮರಗೆಣಸಿನ ತುಂಡೊಂದನ್ನು ಕೆಟಲಿನ ಕುದಿನೀರಿನಲ್ಲಿ ಅದ್ದಿ ಹಬೆಯಾಡುತ್ತಿದ್ದಂತೆ ಮುಂದೆ ಹಿಡಿದು, ಇದನ್ನೂ ಒಮ್ಮೆ ನೋಡಿ ಎಂದು ಸಿಸ್ಟರ್‌ಗೆ ಕೈಮುಗಿದೆ. ಸಿಸ್ಟರ್ ನಗುತ್ತಲೇ ತಮ್ಮನ್ನು ಅದರತ್ತ ತಿರುಗಿಸಿದರು. ಮೂವತ್ತಾರು ಪಾಯಿಂಟ್ ನಾಲ್ಕು. ನಗು ನಿಲ್ಲಿಸಿ ಗೋಡೆಯತ್ತ ತಿರುಗಿಸಿದರು. ಗೋಡೆ ಆರೋಗ್ಯವಾಗಿತ್ತು.

ರಾಜ, ಪಾದ್ರಿ, ಕೂಲಿ, ಗೋಡೆ, ಗೆಣಸು ಎಲ್ಲರೂ ಒಂದೇ ಎಂದು ಚರ್ಚಿನಲ್ಲಿ ಹೇಳುವುದನ್ನು ಕೇಳಿದ್ದೆ, ಕಾರ್ಯರೂಪಕ್ಕೆ ತಂದವರನ್ನು ನೋಡಿದ್ದು ಇದೇ ಮೊದಲು. ತಾವು ಸ್ವಲ್ಪ ಮುಂಚೆ ನಮ್ಮ ಶಾಲೆಗೆ ಬಂದಿದ್ದರೆ ನಾನು ಪಾಸಾಗುತ್ತಿದ್ದೆ. ನಮ್ಮ ವಿಜ್ಞಾನದ ಮೇಷ್ಟ್ರು ಹತ್ತಿಯಲ್ಲಿ ಹುರುಳಿಕಾಯಿ ಬೀಜ ಇಟ್ಟು ಮೊಳಕೆ ಬರುವುದನ್ನು ದಿನವೂ ಬರೆಯಿರಿ ಎಂದಿದ್ದರು. ಎಲ್ಲರ ಬೀಜವನ್ನೂ ಇಲಿ ತಿಂದಿತು. ಎಲ್ಲರ ಪುಸ್ತಕದಲ್ಲೂ ಮೊಳಕೆ ಬಂತು, ಎರಡೆಲೆ ಬಂತು, ನಾಲ್ಕೆಲೆ ಬಂತು. ನಾನು ಇಲಿ ತಿಂದಿತು ಎಂದು ಬರೆದು ಇಲಿಯ ಚಿತ್ರವನ್ನೂ ಬರೆದೆ. ಮೇಷ್ಟ್ರು ತಿದ್ದು ಎಂದರು, ನಾನು ಬಾಲವನ್ನು ಸ್ವಲ್ಪ ಉದ್ದ ಮಾಡಿದೆ. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು. ಹೀಗಿರುವಾಗ ನನ್ನಂಥವನ ಹಣೆಯ ಮುಂದೆ ತಮ್ಮಂಥವರನ್ನು ತಂದು ನಿಲ್ಲಿಸಿದವರು ಇಬ್ಬರಿಗೂ ಅನ್ಯಾಯ ಮಾಡಿದ್ದಾರೆ.

ಗೆಣಸಿನ ಮಟ್ಟಿಗೆ ಇದೆಲ್ಲ ತಮಾಷೆಯೇ. ನಾನು ಕೂಡ ನಕ್ಕು ಸುಮ್ಮನಿದ್ದೆ. ಆದರೆ ನಿನ್ನೆ ಬುಧವಾರ ಬೆಳಿಗ್ಗೆ ಎದ್ದಾಗ ಮೈ ಕಾದ ಬಾಣಲೆಯಂತಿತ್ತು, ಎರಡು ಹೊದಿಕೆಯ ಕೆಳಗೂ ನಡುಕ. ನನ್ನ ಮೂಗಿನ ಕೊನೆಯ ಪರೀಕ್ಷೆ ಸೋಮವಾರವೇ ಮುಗಿದು, ಏನೂ ಇಲ್ಲ ಎಂದು ಬಂದಿತ್ತು. ಇನ್ನು ಹೊರಗೆ ಹೋಗಲು ಬೇಕಾದದ್ದು ತಮ್ಮ ಒಂದು ಮಾತು ಮಾತ್ರ. ತಾವು ನನ್ನ ಸುಡುವ ಹಣೆಯನ್ನು ಪ್ರೀತಿಯಿಂದ ನೋಡಿ, ಮೂವತ್ತಾರು ಪಾಯಿಂಟ್ ನಾಲ್ಕು ಎಂದಿರಿ.

“ಸಿಸ್ಟರ್, ಸುಳ್ಳು ಹೇಳ್ತಿದೆ ಇದು. ನನಗೆ ಜ್ವರ ಇದೆ. ಬೇಕಾದ್ರೆ ಮುಟ್ಟಿ ನೋಡಿ,” ಎಂದೆ.

ಸಿಸ್ಟರ್ ಶಲೇಶ್ನಿ ಕೈಗೆ ಎರಡು ಜೊತೆ ಗ್ಲೌಸು ಹಾಕಿಕೊಂಡಿದ್ದರು. “ಮುಟ್ಟಿ ನೋಡೋಕೆ ನನಗೆ ಪರ್ಮಿಷನ್ ಇಲ್ಲ ತಮ್ಮಾ. ಇದು ಏನು ತೋರಿಸುತ್ತೋ ಅದನ್ನೇ ಬರ್ಕೋಬೇಕು. ಬೇರೆ ಕೊಡಿ ಅಂತ ಕೇಳಿ ಕೇಳಿ ನನ್ನ ಬಾಯಿ ಒಣಗಿದೆ. ಮೇಲಿನವರು ‘ಕೆಟ್ಟಿದ್ರೆ ನಂಬರೇ ಬರ್ತಿರ್ಲಿಲ್ಲ, ಬರ್ತಿದೆ ತಾನೆ?’ ಅಂತಾರೆ,” ಎಂದು, ಮಾನ್ಯರೇ, ತಮ್ಮ ಕತ್ತು ಹಿಡಿದುಕೊಂಡೇ ಪಕ್ಕದ ಕೋಣೆಗೆ ಹೋದರು. ಅವರ ಮೇಲೆ ನನಗೆ ದೂರಿಲ್ಲ. ತಮ್ಮನ್ನು ದಿನವಿಡೀ ಎತ್ತಿ ಹಿಡಿಯುವುದೇ ಅವರಿಗೆ ಸಾಕಷ್ಟು ಶಿಕ್ಷೆ.

ಎದುರು ಕೋಣೆಯ ಪಾದ್ರಿ ಸೆವನಾಯ ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಭಾನುವಾರದ ಪ್ರಾರ್ಥನೆಗೆ ಅವರು ತಮ್ಮ ಊರು ಸೇರಬೇಕು. “ಅಪೋರೋಸ, ನಿನಗೆ ಜ್ವರ ಇದೆ ಅಂತ ದೇವರಿಗೆ ಗೊತ್ತು ಮಗನೇ. ಅಷ್ಟು ಸಾಲದಾ? ಎಲ್ಲರಿಗೂ ಯಾಕೆ ಗೊತ್ತಾಗಬೇಕು?” ಎಂದು ಕೂಗಿದರು. ಮಹಡಿಯಲ್ಲಿ ಒಬ್ಬನಿಗೆ ಜ್ವರವೆಂದಾದರೆ ಮಹಡಿಯವರೆಲ್ಲ ಮತ್ತೆ ಒಳಗೇ ಉಳಿಯಬೇಕೆಂಬ ನಿಯಮವನ್ನು ಅವರು ನನಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ.

ನಾನು ಸುಮ್ಮನಿದ್ದರೆ ಆಗುವುದಾದರೂ ಏನು ಎಂದು ತಾವು ಕೇಳಬಹುದು. ಶನಿವಾರ ನಾನು ದೋಣಿಯಿಂದ ಇಳಿದ ಕೂಡಲೇ ಮಾವನ ಹೆಂಡತಿ ಮೆರೆಸೈನಿ ಅತ್ತೆ ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಕೆನ್ನೆಗೆ ಮೂಗೊತ್ತಿ, ಉಸಿರನ್ನು ಉದ್ದಕ್ಕೆ ಒಳಗೆಳೆದುಕೊಳ್ಳುತ್ತಾಳೆ. ಅವಳ ಹಿಂದೆ ಊರಿನ ಮುದುಕರು, ಮುದುಕಿಯರು ಒಬ್ಬೊಬ್ಬರಾಗಿ ಹಾಗೆಯೇ ಮಾಡುತ್ತಾರೆ. ಸಾವಿಗೆ ಬರಲಾಗದವನನ್ನು ಊರು ಒಳಗೆ ಕರೆದುಕೊಳ್ಳುವುದು ಹಾಗೆ. ಬಹಳ ಹಿಂದೆ ಸಿಡ್ನಿಯಿಂದ ವಾಪಸಾದ ಹಡಗೊಂದು ನಮ್ಮ ದ್ವೀಪಗಳಿಗೆ ದಡಾರ ತಂದಿತ್ತು. ಬಂದವರನ್ನು ಪ್ರೀತಿಯಿಂದ ಮೂಸಿದವರೇ ಮೊದಲು ಹೋದರು ಎಂದು ನಮ್ಮ ಅಜ್ಜಿಯರು ಅದನ್ನು ಹೋದ ವಾರ ನಡೆದದ್ದೆಂಬಂತೆ ಹೇಳುತ್ತಾರೆ. ಅತ್ತೆಯ ಮೂಗಿಗೆ ಮುಖ ತಿರುಗಿಸುವಷ್ಟು ಕಲ್ಲುಮನಸ್ಸು ನನಗಿಲ್ಲ. ತಾವಾಗಿದ್ದರೆ ಅವಳಿಗೂ ಮೂವತ್ತಾರು ಪಾಯಿಂಟ್ ನಾಲ್ಕು ಎಂದು ಹೇಳಿ ಮುಂದಿನವರನ್ನು ಕರೆಯುತ್ತಿದ್ದಿರಿ. ಆ ನಿರ್ಲಿಪ್ತತೆ ನನಗೆ ಈ ಜನ್ಮದಲ್ಲಿ ಬರಲಾರದು.

ಹಾಗಾದರೆ ಬಾಗಿಲಲ್ಲಿ ನಿಂತು ಕೂಗಿ ಹೇಳಬಹುದಿತ್ತಲ್ಲ, ಪತ್ರ ಏಕೆ ಎಂದು ತಾವು ಮತ್ತೆ ಕೇಳಬಹುದು. ಅದಕ್ಕೆ ಕಾರಣ ನಮ್ಮ ಮಹಡಿಯ ಕಾವಲುಗಾರ ಪೆನಾಯ.

ಪೆನಾಯ ನನಗೆ ತೌವು. ಅವನ ದ್ವೀಪದ ಮೂಲದೇವರೂ ನಮ್ಮ ದ್ವೀಪದ ಮೂಲದೇವರೂ ನೆಂಟರು, ಆದ್ದರಿಂದ ಅವನೂ ನಾನೂ ಹುಟ್ಟುವ ಮೊದಲೇ ನೆಂಟರು. ತೌವು ನಿಮ್ಮನ್ನು ಬಾಯಿಗೆ ಬಂದಂತೆ ಬಯ್ಯಬಹುದು, ನಿಮ್ಮದನ್ನು ಹೇಳದೆ ಎತ್ತಿಕೊಳ್ಳಬಹುದು. ನೀವು ಸಿಟ್ಟಾಗುವಂತಿಲ್ಲ, ಅವನು ಕೇಳಿದ್ದನ್ನು ಇಲ್ಲ ಎನ್ನುವಂತಿಲ್ಲ. ಅವನ ಮೇಲೆ ನಿಮಗೂ ಅದೇ ಹಕ್ಕು. ನಾನು ಯಾವ ದ್ವೀಪದವನೆಂದು ಮೊದಲ ದಿನ ಬಾಗಿಲಾಚೆಯಿಂದ ಕೇಳಿ ತಿಳಿದುಕೊಂಡ ಗಳಿಗೆಯಿಂದ ಅವನು ನನ್ನ ತಟ್ಟೆಯ ಕಸ್ಟರ್ಡನ್ನು ಹೊರಗೇ ತಿಂದು, ಬಟ್ಟಲನ್ನು ಮಾತ್ರ ಒಳಗೆ ಕಳಿಸುತ್ತಿದ್ದಾನೆ.

“ಲೋ ಏಡಿಮೂತಿ, ಇವತ್ತಿಂದು ಬಾಳೆಹಣ್ಣಿಂದು. ಭಾರಿ ಚೆನ್ನಾಗಿತ್ತು. ಬಟ್ಟಲು ಕಳಿಸಿದೀನಿ, ಮೂಸ್ಕೋ!”

“ತಿನ್ನೋ ತಿನ್ನು. ನಿಮ್ಮ ದ್ವೀಪಕ್ಕೆ ಚಮಚ ಬಂದಿದ್ದೇ ಮೊನ್ನೆ ತಾನೆ, ಅಭ್ಯಾಸ ಆಗ್ಲಿ!”

ಸೇಡಿಗೆ ನಾನು ಒಮ್ಮೆ, “ಆ ಟೋಪಿ ಕೊಡೋ ತೆಂಗಿನ ಚಿಪ್ಪೇ,” ಎಂದೆ. ಇಲ್ಲ ಎನ್ನುವಂತಿಲ್ಲವಲ್ಲ, ಸಮವಸ್ತ್ರದ ಟೋಪಿಯನ್ನು ಬಾಗಿಲ ಸಂದಿಯಿಂದ ಒಳಗೆ ಎಸೆದ. ಆಮೇಲೆ ಇಬ್ಬರಿಗೂ ಹೊಳೆಯಿತು: ಈ ಕೋಣೆಯೊಳಗೆ ಬಂದ ಯಾವ ವಸ್ತುವೂ ನಾನು ಹೊರಡುವ ತನಕ ಹೊರಗೆ ಹೋಗುವಂತಿಲ್ಲ. ಒಂದು ಕಡೆ ಪೂರ್ವಜರ ನಿಯಮ, ಇನ್ನೊಂದು ಕಡೆ ಆರೋಗ್ಯ ಇಲಾಖೆಯ ನಿಯಮ. ನಡುವೆ ಸಿಕ್ಕ ಪೆನಾಯ ಅಂದಿನಿಂದ ಬರಿತಲೆಯಲ್ಲಿ ಕಾವಲು ಕಾಯುತ್ತ, ಸಾರ್ಜೆಂಟರಿಂದ ದಿನವೂ ಬೈಸಿಕೊಳ್ಳುತ್ತಿದ್ದಾನೆ. ಟೋಪಿ ಟಿವಿಯ ಮೇಲೆ ಕ್ಷೇಮವಾಗಿದೆ. ಅದಕ್ಕೂ ಜ್ವರವಿಲ್ಲ, ತಮ್ಮನ್ನು ಕೇಳಿ ನೋಡಿದ್ದೇನೆ.

ನಿನ್ನೆ ಸಿಸ್ಟರ್ ಹೋದ ಮೇಲೆ ಅವನು ಬಾಗಿಲಿನ ಹತ್ತಿರ ಬಂದ. “ಅಪೋರೋಸ,” ಎಂದ. ಏಡಿಮೂತಿ ಎನ್ನದೆ ಹೆಸರು ಹಿಡಿದು ಕರೆದಾಗಲೇ ನನಗೆ ಭಯವಾಯಿತು. “ತೌವು ಆಗಿ ಕೇಳ್ತಿದೀನಿ ಕಣೋ. ಶುಕ್ರವಾರ ನೀನು ಈ ಬಾಗಿಲು ದಾಟೋ ತನಕ ನಿನ್ನ ನಾಲಿಗೆ ನನಗೆ ಕೊಡು. ಯಾರ ಹತ್ರಾನೂ ಒಂದು ಮಾತು ಆಡಬೇಡ. ನಿನ್ನ ಮಾವನಿಗೆ ಮಣ್ಣು ಹಾಕೋಕೂ ಬರಲಿಲ್ಲ ನೀನು. ಬಲೆ ಬೀಸೋಕಾದ್ರೂ ಹೋಗು.”

ಅವನು ತನಗಾಗಿ ಕೇಳಲಿಲ್ಲ, ನನಗಾಗಿ ಕೇಳಿದ. ಇಲ್ಲ ಎನ್ನುವಂತಿಲ್ಲ. ಕೊಟ್ಟೆ.

ಅಂದಿನಿಂದ ನಾನು ಒಂದು ಮಾತನ್ನೂ ಆಡಿಲ್ಲ. ಇಂದು ಬೆಳಿಗ್ಗೆ ಸಿಸ್ಟರ್ ಹೇಗಿದೀಯಾ ಎಂದಾಗ ಗೋಡೆಯತ್ತ ಬೆರಳು ತೋರಿಸಿದೆ. ಮಧ್ಯಾಹ್ನ ಅತ್ತೆಯ ಫೋನು ಬಂತು. “ಹಲೋ, ಹಲೋ” ಎಂದು ಕೂಗಿ ಕೂಗಿ, ಕೊನೆಗೆ, “ಉಸಿರು ಕೇಳಿಸ್ತಿದೆ. ನೀನೇ ಅಂತ ಗೊತ್ತು. ಮಾತು ಬೇಡ ಬಿಡು ಮಗಾ, ಶನಿವಾರ ನೀನು ಬಾ ಸಾಕು. ನಿನ್ನ ಮಾವನ ಬಲೆ ಹರಿದಿತ್ತು, ನಾನೇ ಹೊಲಿದಿಟ್ಟಿದೀನಿ,” ಎಂದಳು. ಫೋನನ್ನು ಎದೆಗೊತ್ತಿಕೊಂಡು ನಿಂತೆ. ಆಗಲೂ ತಾವು ನನ್ನ ಮೈಯನ್ನು ನೋಡಿದ್ದರೆ ಅದನ್ನೇ ಹೇಳುತ್ತಿದ್ದಿರಿ.

ಆದರೆ ಮಾನ್ಯರೇ, ಪೆನಾಯ ಕೇಳಿದ್ದು ನಾಲಿಗೆ. ಪೆನ್ನು ಕೇಳಲಿಲ್ಲ. ಶಾಲೆ ಬಿಟ್ಟವನು ಕೂತು, ಕ್ಷಮಿಸಿ, ನಿಂತು ಇಷ್ಟುದ್ದ ಬರೆಯುತ್ತಾನೆಂದು ಅವನ ಲೆಕ್ಕದಲ್ಲೇ ಇರಲಿಲ್ಲ. ಊಟ ಬರುವ ಕಂದು ಕಾಗದದ ಚೀಲಗಳನ್ನು ಬಿಡಿಸಿ, ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಈ ಪತ್ರ ಬರೆದಿದ್ದೇನೆ. ನಾಳೆ ಬೆಳಕು ಹರಿಯುತ್ತಲೇ ಟೂತ್‌ಪೇಸ್ಟಿನಿಂದ ಬಾಲ್ಕನಿಯ ಗಾಜಿಗೆ ಹೊರಮುಖವಾಗಿ ಅಂಟಿಸುತ್ತೇನೆ. ಈಜುಕೊಳದ ಸುತ್ತಲಿನ ಕೋಣೆಗಳವರೆಲ್ಲ ಬೆಳಿಗ್ಗೆ ನೋಡಲು ಬೇರೇನೂ ಇಲ್ಲದೆ ಒಬ್ಬರ ಬಾಲ್ಕನಿಯನ್ನು ಇನ್ನೊಬ್ಬರು ನೋಡುವುದರಿಂದ, ಓದುಗರ ಕೊರತೆ ಇರಲಾರದು.

ಆ ಮೊದಲು ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ನಾಳೆ ಸಿಸ್ಟರ್ ತಮ್ಮನ್ನು ನನ್ನತ್ತ ಎತ್ತಿದಾಗ ಜೀವಮಾನದಲ್ಲಿ ಒಮ್ಮೆ, ಒಮ್ಮೆ ಮಾತ್ರ, ಬೇರೆ ಏನಾದರೂ ಹೇಳಿ. ಜಾಸ್ತಿಯೋ ಕಡಿಮೆಯೋ ನಾನು ಚೌಕಾಸಿ ಮಾಡುವುದಿಲ್ಲ. ತಮ್ಮ ತತ್ವಕ್ಕೆ ಅದು ವಿರುದ್ಧವಾದರೆ, ಸಿಸ್ಟರ್ ಕೈಯಿಂದ ಜಾರಿ ಹಾಸುಗಲ್ಲಿನ ಮೇಲೆ ಬಿದ್ದು ವೀರಮರಣ ಪಡೆಯಿರಿ; ನಾವೆಲ್ಲ ಬಾಗಿಲುಗಳಲ್ಲಿ ನಿಂತು ಹಾಡುತ್ತೇವೆ, ಪಾದ್ರಿಯವರು ಇಲ್ಲೇ ಇದ್ದಾರೆ. ಅದೂ ಆಗದಿದ್ದರೆ ನಿವೃತ್ತಿ ಪಡೆದು ನಮ್ಮ ಶಾಲೆಗೆ ಹೋಗಿ ವಿಜ್ಞಾನದ ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಕೂರಿ, ಇಬ್ಬರೂ ಸೇರಿ ಇಲಿ ತಿಂದ ಬೀಜಗಳಿಗೆ ಅಂಕ ಹಾಕುತ್ತಿರಿ. ಹೇಗೂ ಎಲ್ಲರಿಗೂ ಒಂದೇ ಕೊಡುವುದಾದರೆ ಈ ಕೋಣೆಯ ಎಸಿಗೂ ಸ್ವಲ್ಪ ಬುದ್ಧಿ ಹೇಳಿ. ಅದು ಹಿಮಗಡ್ಡೆಯ ಪಕ್ಷಕ್ಕೆ ಸೇರಿದೆ.

ಪತ್ರ ಅಂಟಿಸಿದರೆ ದೋಣಿ ತಪ್ಪಬಹುದು ಎಂದು ನನಗೆ ಗೊತ್ತು. ಮೊದಲ ಬಲೆಯನ್ನು ಬೇರೆ ಯಾರೋ ಬೀಸುತ್ತಾರೆ. ಅದಕ್ಕೆ ನನ್ನ ಮಾವ ಬಯ್ಯಬಹುದು. ಆದರೆ ಅವನ ಹೆಂಡತಿಯ ಉಸಿರಿಗೆ ಜ್ವರ ತಂದು ಕೊಟ್ಟರೆ ಅವನು ಎದ್ದು ಬಂದು ಹೊಡೆಯುತ್ತಾನೆ.

ತಮ್ಮ ಸಮದೃಷ್ಟಿಗೆ ಮತ್ತೊಮ್ಮೆ ತಲೆಬಾಗುತ್ತ, ಬಾಗಿದ ತಲೆಗೂ ತಾವು ಅಷ್ಟೇ ಎನ್ನುವಿರೆಂದು ಬಲ್ಲವನಾಗಿ,

ತಮ್ಮ ವಿಶ್ವಾಸಿ,
ಅಪೋರೋಸ
(ತಮ್ಮ ಲೆಕ್ಕದಲ್ಲಿ: ಗೋಡೆ)

ತಾ.ಕ.: ಇದನ್ನು ಸೇರಿಸುತ್ತಿರುವುದು ಭಾನುವಾರ, ಮತ್ತೊಂದು ಚೀಲದ ಮೇಲೆ.

ಶುಕ್ರವಾರ ಪತ್ರ ಅಂಟಿಸಿದೆ. ಎದುರು ಸಾಲಿನ ಹೆಂಗಸೊಬ್ಬಳು ಅದನ್ನು ಗಟ್ಟಿಯಾಗಿ ಓದಿದಳು, ಕೆಳಗಿನವರು ಮತ್ತೆ ಓದಿಸಿದರು. ಚಹಾ ಬರುವ ಹೊತ್ತಿಗೆ ಇಡೀ ಹೋಟೆಲಿನಲ್ಲಿ ಜನ ನಮಸ್ಕಾರಕ್ಕೆ ಬುಲಾ ಎನ್ನುವುದನ್ನು ಬಿಟ್ಟು, ಬಾಲ್ಕನಿಯಿಂದ ಬಾಲ್ಕನಿಗೆ “ಮೂವತ್ತಾರು ಪಾಯಿಂಟ್ ನಾಲ್ಕು!” ಎಂದು ಕೈಬೀಸುತ್ತಿದ್ದರು. ದೊಡ್ಡ ಡಾಕ್ಟರು ಖುದ್ದಾಗಿ ಬಂದು ತಮ್ಮನ್ನು ಗೋಡೆಗೆ ಹಿಡಿದು ನೋಡಿದರು, ಸ್ವಂತ ಹಣೆಗೂ ಹಿಡಿದುಕೊಂಡು ನೋಡಿದರು. ಮಧ್ಯಾಹ್ನದೊಳಗೆ ಕಪ್ಪು ಬಣ್ಣದ ಹೊಸ ಥರ್ಮಾಮೀಟರ್ ಬಂತು. ಅದು ನನ್ನನ್ನು ಕಂಡ ಕೂಡಲೇ ಕಿರುಚಿಕೊಂಡಿತು. ಮಹಡಿಯವರ ಬಿಡುಗಡೆ ನಿಂತಿತು. ದೋಣಿ ಹೋಯಿತು.

ಮೂಗಿನ ಪರೀಕ್ಷೆ ಮತ್ತೆ ಆಯಿತು. ಆ ರೋಗ ನನಗಿಲ್ಲ, ಮಹಡಿಯಲ್ಲಿ ಯಾರಿಗೂ ಇಲ್ಲ. ಜ್ವರ ಎಲ್ಲಿಂದ ಎಂದು ಡಾಕ್ಟರು ನನ್ನನ್ನು ತಿರುಗಿಸಿ ನೋಡಿದಾಗ, ನಾನು ನಿಂತು ಬರೆಯಲು ಕಾರಣವಾದ ಖಾಸಗಿ ಸಂಗತಿ ಬಯಲಾಯಿತು. ಕೂರುವ ಜಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಕುರು. ಜ್ವರ ಅಲ್ಲಿಂದ ಹೊರಟದ್ದೆಂದು ನನಗೇ ಹೊಳೆದಿರಲಿಲ್ಲ. ಕುಯ್ದು, ಮಾತ್ರೆ ಕೊಟ್ಟರು. ಜ್ವರ ಇಳಿಯಿತು. ಆದರೆ ಯಾರನ್ನೂ ಬಿಡಬಾರದೆಂಬ ಆದೇಶ ಅಷ್ಟರಲ್ಲೇ ಜಾರಿಯಾಗಿದ್ದರಿಂದ ಮಹಡಿಯವರೆಲ್ಲ ಮಂಗಳವಾರದ ತನಕ ಇಲ್ಲೇ. ಪಾದ್ರಿ ಸೆವನಾಯ ಇಂದು ಬೆಳಿಗ್ಗೆ ತಮ್ಮ ಬಾಗಿಲಲ್ಲಿ ನಿಂತು ಕೋಣೆಗಳ ನಡುವಿನ ಓಣಿಗೇ ಪ್ರಾರ್ಥನೆ ಮಾಡಿಸಿದರು. ಉಪದೇಶದ ವಿಷಯ ಕುರು. ಬೈಬಲ್ಲಿನಲ್ಲಿ ಅದರ ಬಗ್ಗೆ ಅಷ್ಟೊಂದು ಇದೆಯೆಂದು ನನಗೆ ಗೊತ್ತಿರಲಿಲ್ಲ.

ಪೆನಾಯ ಬಾಗಿಲಿಗೆ ಬಂದು, “ತಗೋ ನಿನ್ನ ನಾಲಿಗೆ, ಏಡಿಮೂತಿ. ಮುಂದಿನ ಸಲ ಪೆನ್ನು, ಕಾಗದ, ಟೂತ್‌ಪೇಸ್ಟು ಎಲ್ಲ ಸೇರಿಸಿ ಕೇಳ್ತೀನಿ. ಆ ಕುರು ಒಂದು ನೀನೇ ಇಟ್ಕೋ,” ಎಂದ. ವಾಪಸು ಬಂದ ನಾಲಿಗೆಯಿಂದ ಮೊದಲು ಅತ್ತೆಗೆ ಫೋನು ಮಾಡಿದೆ. “ಎಲ್ಲಿ ಆಗಿದೆ ಅಂದೆ?” ಎಂದಳು. ಇದ್ದದ್ದನ್ನು ಇದ್ದಲ್ಲೇ ಹೇಳಿದೆ. ನೂರನೆಯ ರಾತ್ರಿಗೆ ಬಂದ ನೆಂಟರೆಲ್ಲ ಸುತ್ತ ಕೂತಿದ್ದರೆಂದೂ ಫೋನು ಸ್ಪೀಕರಿನಲ್ಲಿತ್ತೆಂದೂ ಅವರು ನಕ್ಕಾಗ ತಿಳಿಯಿತು. ನಗು ನಿಂತ ಮೇಲೆ ಅತ್ತೆ ಹೇಳಿದಳು: “ನಿಧಾನಕ್ಕೆ ಬಾ ಮಗಾ. ಊಟ ಆಯ್ತು, ನೀರು ತೆಗೆದಿಲ್ಲ. ನೀನು ಬರೋ ತನಕ ಯಾರೂ ಇಳಿಯಲ್ಲ. ನಿನ್ನ ಮಾವನಿಗೆ ಇನ್ನೇನು ಅವಸರ? ಮೀನಿಗಂತೂ ಮೊದಲೇ ಇಲ್ಲ.”

ಹೀಗೆ, ಮಾನ್ಯರೇ, ನನ್ನ ಒಂದು ಕುರುವಿನ ದಯೆಯಿಂದ ಹವಳದ ದಿಬ್ಬದ ಮೀನುಗಳ ಕ್ವಾರಂಟೈನ್ ಕೂಡ ವಿಸ್ತರಣೆಯಾಗಿದೆ.

ತಮ್ಮನ್ನು ಕಸದ ಡಬ್ಬಿಗೆ ಹಾಕಿದ್ದರು. ತೌವು ಆಗಿ ಕೇಳಿದೆ, ಪೆನಾಯ ಇಲ್ಲ ಎನ್ನುವಂತಿಲ್ಲ. ತಾವೀಗ ಟಿವಿಯ ಮೇಲೆ, ಅವನ ಟೋಪಿಯ ಕೆಳಗೆ ಆರಾಮವಾಗಿದ್ದೀರಿ. ಮಂಗಳವಾರ ಟೋಪಿಯನ್ನು ಅವನ ತಲೆಗಿಟ್ಟು, ತಮ್ಮನ್ನು ಜೇಬಿಗಿಟ್ಟುಕೊಂಡು ದೋಣಿ ಹತ್ತುತ್ತೇನೆ. ಮೊದಲ ಬಲೆಯ ಮೊದಲ ಮೀನಿಗೆ ತಮ್ಮನ್ನು ಹಿಡಿಯುತ್ತೇನೆ. ತಾವು ಹೇಳುವುದನ್ನು ಹೇಳಿ, ಊರವರು ನಗಲಿ. ಆಮೇಲೆ ಚರ್ಚಿನ ಹಿಂದೆ ಮಾವ ಮಲಗಿರುವ ಕಡೆ ಕರೆದೊಯ್ದು, ಮಣ್ಣಿನತ್ತ ತಮ್ಮನ್ನು ತಿರುಗಿಸಿ ಗುಂಡಿ ಒತ್ತುತ್ತೇನೆ. ಅಲ್ಲಿಯೂ ತಾವು ಮೂವತ್ತಾರು ಪಾಯಿಂಟ್ ನಾಲ್ಕು ಎಂದರೆ, ಅದೊಂದು ಸಲ ನಾನು ತಕರಾರು ಮಾಡುವುದಿಲ್ಲ.